ನನ್ನ ಹೆಸರಲ್ಲೂ ಒಂದು ಕೈ ಮುಗಿದುಬಿಡಿ

ನೆನಪಿನ ವಿಚಾರದಲ್ಲಿ ನಾನು ಯಾರನ್ನೂ ನಂಬುವುದಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದಿ ನಾನು ಕಲಿತದ್ದು ಇದೊಂದೇ. ಉಳಿದದ್ದೆಲ್ಲ ಮರೆತುಹೋಗಿದೆ, ಅಥವಾ ಮರೆತುಹೋಗಿದೆ ಎಂದು ನೆನಪು. ಮನೆಯಲ್ಲಿ ಇದರಿಂದ ಬಹಳ ತೊಂದರೆ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೆಂಡತಿ ಸರೋಜ, "ಗ್ಯಾಸ್ ಆಫ್ ಮಾಡಿದ್ರಾ?" ಎಂದು ಕೇಳಿದರೆ ಬೇರೆ ಗಂಡಂದಿರ ಹಾಗೆ "ಮಾಡಿದೀನಿ" ಎಂದುಬಿಡಲು ನನಗಾಗುವುದಿಲ್ಲ. "ಮಾಡಿದ ಹಾಗೆ ನೆನಪು. ಆದರೆ ಅದು ನಿನ್ನೆಯ ನೆನಪೂ ಇರಬಹುದು" ಎನ್ನುತ್ತೇನೆ. ವಾಪಸ್ಸು ಹೋಗಿ ನೋಡುತ್ತೇವೆ. ಗ್ಯಾಸ್ ಆಫ್ ಆಗಿರುತ್ತದೆ. ಬಸ್ಸು ಹೋಗಿರುತ್ತದೆ.

ಇಂಥ ನನ್ನ ಮೇಲೆ ಹೋದ ವರ್ಷ ಒಂದು ಆಪಾದನೆ ಬಂತು. ಮಾಡಿದವಳು ನನ್ನ ಅಕ್ಕನ ಮಗಳು ಸಿಂಚನ. ಅಕ್ಕನ ಮನೆ ಹೊಳೆನರಸೀಪುರ. ಹುಡುಗಿ ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆ ಕಟ್ಟುತ್ತಾಳೆ ಎಂದುಕೊಂಡಿದ್ದರೆ, ಅವಳು ಸ್ಟಾಕ್ ಕಾರ್ ರೇಸಿಗೆ ಹೆಸರು ಕೊಟ್ಟು ಬಂದಳು. ಸ್ಟಾಕ್ ಕಾರ್ ಎಂದರೆ ವಿಮಾನದ ಹಾಗೆ ಕಾಣುವ ಕಾರಲ್ಲ. ನಾವು ನೀವು ಮದುವೆಗೆ ಹೋಗುವ ಕಾರೇ. ಒಳಗಿನ ಸೀಟು ಕಿತ್ತುಹಾಕಿ, ಕಬ್ಬಿಣದ ಪಂಜರ ಕೂರಿಸಿ, ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಸುತ್ತಾರೆ. "ಇರೋ ಸೀಟನ್ನ ಕಿತ್ತುಹಾಕಿ ಓಡ್ಸೋಕೆ ಇವಳಿಗೇನು ಬಂದಿದೆಯೋ" ಎಂದು ಅಕ್ಕ ನನಗೆ ಫೋನು ಮಾಡಿದ್ದಳು. ಕಾರಿನ ಹುಚ್ಚು ಹಿಡಿಸಿದವನು ನಾನೇ ಎಂಬುದು ಆ ಫೋನಿನ ಒಳ ಅರ್ಥ.

ಅದು ಸುಳ್ಳಲ್ಲ ಎಂದು ತೋರುತ್ತದೆ. ಅರಕಲಗೂಡಿನ ನಮ್ಮ ಮಾವನವರು ಕಣ್ಣಿಗೆ ಪೊರೆ ಬಂದ ಮೇಲೆ ತಮ್ಮ ಬಿಳಿ ಕಾರನ್ನು ನನಗೆ ಕೊಟ್ಟಿದ್ದರು. ಭಾನುವಾರ ಅದನ್ನು ಹೊಳೆನರಸೀಪುರಕ್ಕೆ ಓಡಿಸಿಕೊಂಡು ಹೋಗಿ ಸಿಂಚನಳಿಗೆ ಡ್ರೈವಿಂಗ್ ಕಲಿಸುತ್ತಿದ್ದೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ, ಮಡಿಲಲ್ಲಿ ಬೇಯಿಸಿದ ಕಡಲೆಕಾಯಿ, ಹೇಮಾವತಿ ಸೇತುವೆಯ ಮೇಲೆ ಹೋಗುವಾಗ ಗಾಜು ಇಳಿಸಿ ಅವಳು ಹೊರಗೆ ಚಾಚುತ್ತಿದ್ದ ಕೈ. "ಕ್ಲಚ್ಚನ್ನ ಮಗು ಥರ ಬಿಡು" ಎನ್ನುತ್ತಿದ್ದೆ. "ಮಗೂನ ಯಾರಾದ್ರೂ ಬಿಡ್ತಾರಾ ಮಾಮ?" ಎನ್ನುತ್ತಿದ್ದಳು. ಇಷ್ಟು ಚೆನ್ನಾಗಿ ನೆನಪಿರುವುದರಿಂದಲೇ ನನಗೆ ಇದರ ಮೇಲೆ ಅನುಮಾನ.

ಚನ್ನರಾಯಪಟ್ಟಣದಿಂದ ಬಾಗೂರಿಗೆ ಹೋಗುವ ಕಡೆ ಒಂದು ಹೊಲದಲ್ಲಿ ಟ್ರ್ಯಾಕು ಮಾಡಿದ್ದರು. ಅದರ ಒಂದು ತಿರುವಿನಲ್ಲಿ ಚೌಡಮ್ಮನ ಸಣ್ಣ ಗುಡಿ. ಅಮ್ಮನನ್ನು ಕದಲಿಸಲು ಹೊಲದವರು ಒಪ್ಪದ್ದರಿಂದ ಟ್ರ್ಯಾಕೇ ಸುತ್ತಿಕೊಂಡು ಹೋಗಿತ್ತು. ಫೈನಲ್ಲಿಗೆ ಆರಿಸುವ ರೇಸಿನಲ್ಲಿ ಸಿಂಚನ ಆಯ್ಕೆಯೇನೋ ಆದಳು, ಆದರೆ ಕಟ್ಟಕಡೆಯವಳಾಗಿ. ಮಾರನೆಯ ದಿನವೇ ಹಾಸನಕ್ಕೆ ಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಬೇರೆಯವರೆಲ್ಲ ಕಾಲು ಸಡಿಲಿಸದೆ ನುಗ್ಗುವ ಆ ತಿರುವಿನಲ್ಲಿ, ಗುಡಿ ಬಂದ ಕೂಡಲೇ ಇವಳ ಕಾರು ನಿಧಾನವಾಗುತ್ತದೆ. ಬಲಗೈ ಸ್ಟೀರಿಂಗ್ ಬಿಟ್ಟು ಎದೆ ಮುಟ್ಟುತ್ತದೆ. ಆಮೇಲೆ ಕಾರು ಮುಂದಕ್ಕೆ. ಪ್ರತಿ ಸುತ್ತಿನಲ್ಲೂ ಹೀಗೆಯೇ.

"ಇದು ನಿಮ್ಮ ಕೆಲಸ ಮಾಮ" ಎಂದಳು. "ಹೊಳೆನರಸೀಪುರದ ರೋಡಲ್ಲಿ ಅಮ್ಮನ ಗುಡಿ ಬಂದಾಗೆಲ್ಲ ನೀವು ಹಿಂಗೇ ಮಾಡ್ತಿದ್ರಿ. ನಂಗೆ ಅದೂ ಡ್ರೈವಿಂಗ್‌ನಲ್ಲೇ ಸೇರಿದೆ ಅನ್ಕೊಂಡೆ. ಈಗ ಬೇಡ ಅಂದ್ರೂ ಕಾಲು ಕೇಳಲ್ಲ. ಫೈನಲ್ಲಲ್ಲಿ ಮೊದ್ಲ ಮೂರರೊಳಗೆ ಬಂದ್ರೆ ಟೀಮಿಗೆ ತಗೋತಾರೆ. ಇಲ್ಲಾಂದ್ರೆ ನಮ್ಮಮ್ಮ ಹೇಳ್ದಂಗೆ ಬ್ಯಾಂಕು."

ನಾನು ದೇವರಿಗೆ ಕೈ ಮುಗಿಯುವವನಲ್ಲ ಎಂಬುದು ನೆಂಟರಿಗೆಲ್ಲ ಗೊತ್ತು. ಎರಡು ಗೃಹಪ್ರವೇಶ ಕೆಡಿಸಿದ ಕೀರ್ತಿ ನನಗಿದೆ. "ಅಲ್ಲಿ ರೋಡ್ ಹಂಪ್ ಇತ್ತು, ಅದಕ್ಕೆ ನಿಧಾನ ಮಾಡ್ತಿದ್ದೆ. ಕುಲುಕಾಟಕ್ಕೆ ಜೇಬಿನ ಪೆನ್ನು ಬೀಳದೆ ಇರಲಿ ಅಂತ ಎದೆ ಮುಟ್ಟಿಕೊಳ್ತಿದ್ದೆ" ಎಂದೆ.

"ಹಂಪೂ ಇರ್ಲಿಲ್ಲ, ಪೆನ್ನೂ ಇರ್ಲಿಲ್ಲ" ಎಂದಳು ಸರೋಜ ಅಡುಗೆಮನೆಯಿಂದ. "ನಮ್ಮಪ್ಪ ಕಾರು ಕೊಟ್ಟ ದಿನಾನೂ ಅರಕಲಗೂಡಿನ ಊರಬಾಗ್ಲ ಗುಡಿ ಹತ್ರ ಹಂಗೇ ಮಾಡಿದ್ರಿ. ಅಳಿಯಂದ್ರು ಬಾಯಲ್ಲಿ ಮಾತ್ರ ನಾಸ್ತಿಕರು ಅಂತ ಅಪ್ಪ ಖುಷಿಪಟ್ಟಿದ್ರು."

ಸಾಕ್ಷ್ಯವಿಲ್ಲದೆ ಒಪ್ಪುವವನು ನಾನಲ್ಲ. ಆ ರಸ್ತೆಗೇ ಹೋಗಿ ನೋಡೋಣ ಎಂದು ಬಿಳಿ ಕಾರಿನಲ್ಲೇ ಹೊರಟೆವು. ರಸ್ತೆ ಅಗಲವಾಗಿತ್ತು, ಹೊಸ ಟಾರು ಬಿದ್ದಿತ್ತು. ಗುಡಿಯ ಪಕ್ಕ ಸೌತೆಕಾಯಿ ಮಾರುವ ಮುದುಕನೊಬ್ಬ ಕೂತಿದ್ದ.

"ಯಜಮಾನ್ರೇ, ಇಲ್ಲಿ ಮೊದ್ಲು ಹಂಪ್ ಇತ್ತಲ್ಲವಾ?" ಎಂದು ಕೇಳಿದೆ.

"ಇತ್ತು ಸಾ."

ನಾನು ಸಿಂಚನಳ ಮುಖ ನೋಡಿದೆ. ಅವಳು, "ತಾತ, ಹಂಪ್ ಇರ್ಲಿಲ್ಲ ಅಲ್ವಾ?" ಎಂದಳು.

"ಎಲ್ಲಿತ್ತು ಬುಡವ್ವ."

"ಒಂದು ಹಳ್ಳವಾದರೂ ಇತ್ತಾ?" ಎಂದೆ.

"ಅಳ್ಳ ಇಲ್ದೆ ರೋಡ್ ಆದದಾ ಸಾ. ನಿಮ್ಗೆ ಏನಿರ್ಬೇಕು ಯೋಳಿ, ಅದಿತ್ತು. ಕಾಯಿಗೆ ಉಪ್ಪು ಕಾರ ಆಕ್ಲಾ?"

ಸೌತೆಕಾಯಿ ತಿಂದು ಚಿಕಿತ್ಸೆಗೆ ತೊಡಗಿದೆವು. ಸಿಂಚನ ಓಡಿಸುವುದು, ನಾನು ಪಕ್ಕದಲ್ಲಿ ಕೂತು "ಕಾಲು ತೆಗೀಬೇಡ" ಎನ್ನುವುದು. ಅತ್ತಿಂದ ಇತ್ತ, ಇತ್ತಿಂದ ಅತ್ತ. ಗುಡಿ ಬಂತೆಂದರೆ ಕಾರು ಮೆಲ್ಲಗಾಗುತ್ತಿತ್ತು. ಕೊನೆಗೆ ಅವಳು ಪಕ್ಕಕ್ಕೆ ಹಾಕಿ ನಿಲ್ಲಿಸಿದಳು. "ಮಾಮ, ಸ್ವಲ್ಪ ನಿಮ್ಮ ಕಾಲು ನೋಡ್ಕೊಳಿ." ನೋಡಿಕೊಂಡೆ. ನನ್ನ ಬಲಗಾಲು, ಎದುರಿಗೆ ಯಾವ ಬ್ರೇಕೂ ಇಲ್ಲದ ಕಡೆ, ಬಲವಾಗಿ ನೆಲ ಒತ್ತಿ ಹಿಡಿದಿತ್ತು. ಕೈ ಎದೆಯ ಮೇಲಿತ್ತು. ಜೇಬಿನಲ್ಲಿ ಪೆನ್ನಿರಲಿಲ್ಲ.

ನನ್ನನ್ನು ಕಾರಿನಿಂದ ಇಳಿಸಿದಳು. ಸ್ವಲ್ಪ ಹೊತ್ತು ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಟೀಮಿನ ಆಸೆ ಬಿಟ್ಟಳೇನೋ ಎಂದುಕೊಂಡೆ. ಆಮೇಲೆ ಗಾಜು ಇಳಿಸಿದಳು. "ಒಂದು ಕೆಲ್ಸ ಮಾಡಿ. ನಮ್ಮಮ್ಮ ಯಾರಾದ್ರೂ ಧರ್ಮಸ್ಥಳಕ್ಕೆ ಹೊರಟ್ರೆ ನನ್ನ ಹೆಸ್ರಲ್ಲೂ ಒಂದು ಕೈ ಮುಗಿದುಬಿಡಿ ಅಂತಾಳಲ್ಲ, ಹಂಗೆ. ನೀವು ಗುಡಿ ಹತ್ರ ನಿಂತ್ಕೊಂಡು ನನ್ನ ಹೆಸ್ರಲ್ಲಿ ಮುಗೀರಿ. ನಾನು ಹೋಗ್ತಿರ್ತೀನಿ."

ನಿಂತೆ. ಮುಗಿದೆ. ಕಾರು ಒಂದು ಚೂರೂ ನಿಧಾನವಾಗದೆ ನನ್ನ ಪಂಚೆ ಹಾರಿಸಿಕೊಂಡು ಹೋಯಿತು. ಮುದುಕ ಎದ್ದು ನಿಂತು, "ಭಾರಿ ಭಕ್ತಿ ಸಾ ನಿಮ್ದು" ಎಂದ.

ಫೈನಲ್ ದಿನ ಬೆಳಗಿನಿಂದ ಬಾಗೂರಿನ ಆ ಹೊಲದಲ್ಲಿ ಬಿದಿರಿನ ಬೇಲಿಯ ಈಚೆ, ಗುಡಿಯ ಪಕ್ಕ ನನ್ನ ಜಾಗ. ಪಕ್ಕದಲ್ಲಿ ಮೊಬೈಲು ಹಿಡಿದ ಅಕ್ಕ. ಕಾಲೇಜಿನಲ್ಲಿ ನಾನು ಪಾಠ ಹೇಳಿದ ಹಳೆಯ ವಿದ್ಯಾರ್ಥಿಗಳಿಬ್ಬರು ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ದೇವರಿಲ್ಲ ಎಂಬುದಕ್ಕೆ ಅವರಿಗೆ ನೋಟ್ಸ್ ಕೊಟ್ಟವನು ನಾನು. ಸಿಂಚನಳ ಕೆಂಪು ಕಾರು ಬರುತ್ತದೆ, ನಾನು ಕೈ ಮುಗಿಯುತ್ತೇನೆ, ಒಂದು ಬೊಗಸೆ ಧೂಳು ನನ್ನ ಬಾಯಿಗೆ ಬರುತ್ತದೆ. ಪ್ರತಿ ಸುತ್ತಿಗೂ ಇದೇ ಪೂಜೆ, ಇದೇ ಪ್ರಸಾದ. ಕೊನೆಯ ಸುತ್ತಿನವರೆಗೂ ಅವಳು ನಾಲ್ಕನೆಯವಳು. ಆ ಸುತ್ತಿನಲ್ಲಿ, ಸರಿಯಾಗಿ ಗುಡಿಯ ತಿರುವಿನಲ್ಲೇ, ಮುಂದಿದ್ದ ನೀಲಿ ಕಾರನ್ನು ಹಿಂದೆ ಹಾಕಿ ಮೂರನೆಯವಳಾಗಿ ಮುಗಿಸಿದಳು. ಇಳಿದು ಬಂದವಳೇ ಧೂಳು ಮೆತ್ತಿದ ನನ್ನನ್ನು ತಬ್ಬಿ, "ನೀವಿಲ್ದೆ ಆಗ್ತಿರ್ಲಿಲ್ಲ ಮಾಮ" ಎಂದಳು. ಅವಳಿಗೆ ಟೀಮು ಸಿಕ್ಕಿತು.

ಈಗ ಅವಳು ಬೇರೆ ಬೇರೆ ಊರಿನ ಟ್ರ್ಯಾಕುಗಳಲ್ಲಿ ಓಡಿಸುತ್ತಾಳೆ. ಅಲ್ಲೆಲ್ಲ ಗುಡಿಗಳಿಲ್ಲ. ಆದರೂ ರೇಸಿನ ಹಿಂದಿನ ದಿನ ಫೋನು ಬರುತ್ತದೆ: "ಮಾಮ, ನಾಳೆ ಹತ್ತು ಗಂಟೆಗೆ. ಮರೀಬೇಡಿ." ನಾನು ಬಿಳಿ ಕಾರು ತೆಗೆದುಕೊಂಡು ಹೊಳೆನರಸೀಪುರದ ರಸ್ತೆಯ ಗುಡಿಗೆ ಹೋಗುತ್ತೇನೆ. ಸೌತೆಕಾಯಿ ಮುದುಕ ಬಂದವರಿಗೆಲ್ಲ, "ಮೇಷ್ಟ್ರು ಮೊದ್ಲಿಂದ್ಲೂ ಇಂಗೇ ಕಣ, ಅಮ್ಮನ ಒಕ್ಲು" ಎಂದು ಹೇಳುತ್ತಾನೆ. ಇಲ್ಲ ಎನ್ನಲು ನನ್ನ ಹತ್ತಿರ ಆಧಾರವಿಲ್ಲ.

ಆದರೆ 'ನೀವಿಲ್ದೆ ಆಗ್ತಿರ್ಲಿಲ್ಲ' ಎಂದಳಲ್ಲ ಸಿಂಚನ, ಅದಕ್ಕೆ ವಿರುದ್ಧವಾದ ಆಧಾರ ಒಂದಿದೆ. ಅಕ್ಕನಿಗೆ ವಿಡಿಯೋ ತೆಗೆಯಲು ಬರುವುದಿಲ್ಲ. ಫೈನಲ್ ದಿನ ರೇಸು ತೆಗೆಯಲು ಹೋಗಿ ಪೂರ್ತಿ ನನ್ನನ್ನೇ ತೆಗೆದಿದ್ದಾಳೆ. ಕೊನೆಯ ಸುತ್ತಿನಲ್ಲೂ ಕೈ ಮುಗಿದಿದ್ದೆ ಎಂದೇ ನನ್ನ ನೆನಪು. ವಿಡಿಯೋದಲ್ಲಿ ಕೆಂಪು ಕಾರು, ಸದ್ದು ಒಂದಿಷ್ಟೂ ಇಳಿಯದೆ, ನನ್ನ ಬೆನ್ನ ಹಿಂದೆ ಹಾದುಹೋಗುತ್ತದೆ. ನಾನು ಗುಡಿಗೂ ಕಾರಿಗೂ ಬೆನ್ನು ಹಾಕಿ ಪಂಚೆಯ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದೇನೆ. ಅಂದರೆ ನೀಲಿ ಕಾರನ್ನು ಹಿಂದೆ ಹಾಕಿದ ಸುತ್ತಿನಲ್ಲಿ ಹುಡುಗಿಗೆ ನನ್ನ ಅಗತ್ಯವೇ ಇರಲಿಲ್ಲ. ಸತ್ಯವನ್ನು ಹೇಳಿಬಿಡುವುದು ನನ್ನಂಥವನ ಧರ್ಮ. ಆದರೆ ಹೇಳಿದರೆ ಆ ಫೋನು ನಿಂತುಹೋಗುತ್ತದೆ. ತಿಂಗಳುಗಟ್ಟಲೆ ಹೇಳಲಿಲ್ಲ. ಮೊನ್ನೆ ತಡೆಯಲಾರದೆ, "ಆ ವಿಡಿಯೋ ಅವಳಿಗೆ ತೋರಿಸಬೇಡ" ಎಂದು ಅಕ್ಕನಿಗೆ ಫೋನು ಮಾಡಿ ಕೇಳಿಕೊಂಡೆ.

"ಅವತ್ತು ವಾಪಸ್ ಕಾರಲ್ಲಿ ಬರ್ತಾನೇ ನೋಡಿದ್ಲು ಕಣೋ" ಎಂದಳು ಅಕ್ಕ. "ನೋಡಿ, ನಿಂಗೆ ಹೇಳ್ಬೇಡ ಅಂದ್ಲು."

ಫೋನು ಇಟ್ಟೆ. ಸಂಜೆ ಸಿಂಚನಳ ಫೋನು ಬಂತು: "ಮಾಮ, ನಾಳೆ ಹತ್ತು ಗಂಟೆಗೆ. ಮರೀಬೇಡಿ." ಮರೆಯುವುದಿಲ್ಲ ಎಂದೆ. ಬೆಳಿಗ್ಗೆ ಗ್ಯಾಸ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ, ಕನ್ನಡಕವನ್ನು ಮನೆಯಲ್ಲೇ ಚೆನ್ನಾಗಿ ಒರೆಸಿಕೊಂಡು ಹೊರಟೆ.