ದೀಪದ ಸುತ್ತಿನ ಬಳೆ

ನಮ್ಮ ದೊಡ್ಡಪ್ಪನಿಗೆ ಫೋನ್ ಮಾಡಬೇಕಾದರೆ ಮೊದಲು ಕೆ.ಆರ್. ಪೇಟೆಯ ಬಸ್ಸು ಹತ್ತಬೇಕಿತ್ತು. ಅವರ ಮೊಬೈಲು ವಾಸವಿದ್ದದ್ದು ತಾಮ್ರದ ಚೊಂಬಿನೊಳಗೆ, ಮೇಲೊಂದು ಮುಚ್ಚಳ. ಅಂಗಡಿಗೇ ಹೋಗಿ "ದೊಡ್ಡಪ್ಪ, ಫೋನ್ ಈಚೆಗೆ ತೆಗೀರಿ" ಎಂದರೆ ತೆಗೆದು ಮಾತಾಡುವರು. ಅದೂ ತೋಳುದ್ದ ದೂರ ಹಿಡಿದು, ಕಣ್ಣು ಮುಚ್ಚಿಕೊಂಡು.

ಅವರು ಅಕ್ಕಸಾಲಿ. ಕಾವಿನ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳುವ ಹಾಗಿರಲಿಲ್ಲ.

"ಮೈಗೆ ಕಾವು ತಾಗುದ್ರೆ ರಕ್ತ ಓಡಾಡಿ ಆರುಸ್ತದೆ ಕಣ್ಲಾ. ಕಣ್ಣಿನ ಮಸೂರದಲ್ಲಿ ರಕ್ತ ಎಲ್ಲದೆ? ಮೊಬೈಲಿನ ಅಲೆ ಕುಡ್ಕಂಡು ಅಂಗೇ ಬೇಯ್ತದೆ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವನು ನಾನು, ಬಿಡುತ್ತೇನೆಯೇ? ಎದುರಾಳಿಯ ಮಾತಿನಲ್ಲಿರುವ ನಿಜವನ್ನು ಮೊದಲು ಒಪ್ಪಿಕೊಳ್ಳಬೇಕು, ಆಮೇಲೆ ಕೆಡವಬೇಕು. ಕಣ್ಣು ರೇಡಿಯೋ ಅಲೆಯನ್ನು ಹೀರುವುದು ನಿಜ, ಹೀರಿದ್ದು ಕಾವಾಗುವುದೂ ನಿಜ ಎಂದೆ.

"ಆದ್ರೆ ಎಷ್ಟು ಕಾವು ದೊಡ್ಡಪ್ಪ? ಮೊಬೈಲಿನ ಬಲಕ್ಕೆ ಕಣ್ಣು ಬೇಯೋದಿರ್ಲಿ, ಬೆಚ್ಚಗಾಗಿದ್ದೂ ಗೊತ್ತಾಗಕ್ಕಿಲ್ಲ. ನಲವತ್ತು ವರ್ಷದಿಂದ ಕುಲುಮೆ ಮುಂದೆ ಮೂತಿ ಇಟ್ಕೊಂಡು ಕೂತಿದ್ದೀರಲ್ಲ, ಅದನ್ನ ಯಾವ ಚೊಂಬಿಗಾಕ್ತೀರಿ?"

ಬೂಕನಕೆರೆಯಿಂದ ಓಲೆ ಮಾಡಿಸಲು ಬಂದಿದ್ದವರು ನಕ್ಕರು. ದೊಡ್ಡಪ್ಪ ನಗಲಿಲ್ಲ.

"ಅಂಗಾರೆ ಸಂಜೆ ಹೊತ್ತು ಲೈಟಿನ ಸುತ್ತ ಬಣ್ಣಬಣ್ಣದ ಬಳೆ ಕಾಣ್ತದಲ್ಲ, ಅದ್ಯಾಕ್ಲಾ?"

"ಅಕ್ಕಸಾಲಿಗೆ ಬಳೆ ಕಾಣ್ದೆ ರಾಕೆಟ್ಟು ಕಾಣ್ತದಾ?"

ಅಂಗಡಿಗೆ ಅಂಗಡಿಯೇ ನಕ್ಕಿತು. ಪಾಂಡವಪುರದ ನೆಂಟರ ಮದುವೆಯಲ್ಲೂ ಈ ಮಾತು ಹೇಳಿ ನಗಿಸಿದೆ. ಅಲ್ಲಿಂದಾಚೆಗೆ ದೊಡ್ಡಪ್ಪ ಬಳೆಯ ಸುದ್ದಿ ಎತ್ತಲಿಲ್ಲ. ಗೆದ್ದೆ ಅಂದುಕೊಂಡೆ.

ಏಳೆಂಟು ತಿಂಗಳಾದ ಮೇಲೆ ಓಲೆಯೊಂದಕ್ಕೆ ಬೆಸುಗೆ ಹಾಕಲು ಹೋಗಿ, ಎಡಗಡೆಯ ಉರಿ ಕಾಣದೆ ಬೆರಳು ಸುಟ್ಟುಕೊಂಡರು. ನಾಗಮಂಗಲದ ಕಡೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಪರೀಕ್ಷೆ ಮಾಡಿದ ಅವರು ಕೇಳಿದ್ದು: "ದೀಪದ ಸುತ್ತ ಬಣ್ಣದ ಬಳೆ ಥರ ಏನಾದ್ರೂ ಕಾಣ್ತಿತ್ತಾ?"

ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ. "ಊಂ, ಕಾಣ್ತಿತ್ತು" ಎಂದರು ಅಷ್ಟೇ.

ಕಣ್ಣಿನೊಳಗೆ ಒತ್ತಡ ಏರಿತ್ತಂತೆ. ಆಗಲೇ ಬಂದಿದ್ದರೆ ಎಡಗಣ್ಣನ್ನೂ ಉಳಿಸಬಹುದಿತ್ತಂತೆ. ಮೊಬೈಲಿಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ಅಂದರೆ ವಾದದಲ್ಲಿ ನಾನು ಸೋತಿಲ್ಲ. ಅವರು ಕೊಟ್ಟ ಕಾರಣ ಸುಳ್ಳೆಂದು ತೋರಿಸುವ ಭರದಲ್ಲಿ, ಅವರ ಕಣ್ಣಿಗೆ ಏನಾಗುತ್ತಿದೆ ಎಂದು ಒಂದು ಮಾತು ಕೇಳಲಿಲ್ಲ, ಅಷ್ಟೇ.

ಈಗ ದೊಡ್ಡಪ್ಪ ನಮ್ಮ ಮನೆಯಲ್ಲೇ ಇದ್ದಾರೆ. ಉಳಿದ ಬಲಗಣ್ಣಿಗೆ ದಿನಕ್ಕೆರಡು ಸಲ ನಾನೇ ಔಷಧಿಯ ಹನಿ ಹಾಕುತ್ತೇನೆ. ಹಾಕಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿರಬೇಕು. ಮೊನ್ನೆ ಅವರು ಹಾಗೆ ಕೂತೇ ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

"ಯಾಕ್ಲಾ ಸುಮ್ಕಿದ್ದೀಯ? ಏನಾರ ವಾದ ಮಾಡು ಕಣ್ಲಾ. ಇಲ್ಲೇ ಇದ್ದೀಯೋ ಎದ್ದೋದ್ಯೋ ಗೊತ್ತಾಗಕ್ಕಿಲ್ಲ."