ಲಸಿಕೆಯ ಡಬ್ಬಿಯೂ ಎತ್ತಿನ ಕೋಡೂ

ಆ ನೀಲಿ ಡಬ್ಬಿ ನನ್ನ ಹೆಗಲೇರಿದ ದಿನದಿಂದ ಒಂದು ವಾರವೂ ನಗದೆ ಮನೆಗೆ ಬಂದವನಲ್ಲ ನಾನು. ಕಲಘಟಗಿ ಕಡೆಯ ಹಳ್ಳಿಗಳಿಗೆ ಮಕ್ಕಳ ಲಸಿಕೆಯನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಮುಟ್ಟಿಸುವುದು ನನ್ನ ಕೆಲಸ. ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಆದರೆ ನನ್ನ ಹಳೇ ಮೊಪೆಡ್ ಹೋದಷ್ಟು ದೂರ ದೊಡ್ಡ ಡಾಕ್ಟರರ ಜೀಪೂ ಹೋಗಿಲ್ಲ. ಒಮ್ಮೆ ಕಾಡಿನ ಅಂಚಿಗೆ ಚಿರತೆ ಅಡ್ಡ ಬಂತು. ಡಬ್ಬಿ ಮುಂದೆ ಹಿಡಿದು, "ಚುಚ್ಚಲೇನ ಮಗನ?" ಅಂದೆ. ಆಮೇಲೆ ಅದನ್ನು ಆ ಸೀಮೆಯಲ್ಲಿ ಕಂಡವರಿಲ್ಲ.

ಅದನ್ನು ನಂಬಿರಿ, ಬಿಡಿರಿ. ಮುಂದಿನವು ಮಾತ್ರ ಅಗದಿ ಖರೆ. ಬೇಕಾದರೆ ನಮ್ಮ ನರ್ಸಬಾಯಿಯನ್ನು ಕೇಳಿರಿ.

೧. ಐಸ್ ಮಾರುವವ

ಕಬ್ಬು ಕಡಿಯುವ ಕಾಲಕ್ಕೆ ಮಹಾರಾಷ್ಟ್ರದಿಂದ ಗ್ಯಾಂಗು ಬರುತ್ತವೆ. ಎತ್ತು, ಗಾಡಿ, ಹೆಂಡತಿ, ಮಕ್ಕಳು, ಕೋಳಿ ಎಲ್ಲ ಕಟ್ಟಿಕೊಂಡು ಬಂದು ಹೊಲದ ಬಾಜು ಗುಡಿಸಲು ಹಾಕುತ್ತಾರೆ. ಅವರ ಕೂಸುಗಳ ಹೆಸರು ನಮ್ಮ ಪಟ್ಟಿಯಲ್ಲಿಲ್ಲ. ಅವರ ಊರಿನ ಪಟ್ಟಿಯಲ್ಲಿದ್ದರೆ ಕೂಸು ಆ ಊರಲ್ಲಿಲ್ಲ. ಹಿಂಗಾಗಿ ನಾವೇ ಹುಡುಕಿಕೊಂಡು ಹೋಗಬೇಕು.

ಮೊದಲ ಸಲ ಹೋದಾಗ ನಾನು ದೂರದಿಂದಲೇ ಪೊಂ ಪೊಂ ಅಂತ ಹಾರನ್ ಹೊಡೆದೆ. ಮೊಪೆಡ್ಡು, ನೀಲಿ ಡಬ್ಬಿ, ಹಾರನ್ನು. ಹುಡುಗರೆಲ್ಲ ಐಸ್ ಬಂತೆಂದು ಓಡಿ ಬಂದು ಸಾಲು ನಿಂತವು. ನರ್ಸಬಾಯಿಗೆ ಕಣ್ಣಲ್ಲಿ ನೀರೇ ಬಂತು. "ಕಾಕಾ, ಇಷ್ಟು ವರ್ಷದಾಗ ಹಿಂಗ ತಾವ ಸಾಲು ಹಚ್ಚಿದ್ದು ಇದ ಮೊದಲ!"

"ಎಲ್ಲಾ ನನ್ನ ಮುಖ ನೋಡಿ ಬಾಯಿ," ಅಂದೆ.

ಸೂಜಿ ಹೊರಬಿತ್ತು. ಸಾಲು ಕಬ್ಬಿನೊಳಗೆ ಮಾಯವಾಯಿತು. ಒಂದೊಂದನ್ನೇ ಹಿಡಿದು ತರುವಷ್ಟರಲ್ಲಿ ಸಂಜೆ ಆಯಿತು. ಇವತ್ತಿಗೂ ಆ ಕಡೆ ಖರೇ ಐಸ್ ಮಾರುವವ ಬಂದರೆ ಹುಡುಗರು ಕಬ್ಬಿನೊಳಗೆ ಓಡುತ್ತವೆ. ಪಾಪ, ಅವ ಈಗ ಚುರಮುರಿ ಮಾರುತ್ತಾನೆ.

೨. ನನ್ನ ಮರಾಠಿ

ಗುಡಿಸಲಿನ ಹೆಂಗಸರಿಗೆ ತಿಳಿಸಿ ಹೇಳಲು ಮರಾಠಿ ಬಲ್ಲವರು ಬೇಕೆಂದರು. "ನಾ ಇಲ್ಲೇನ್ರಿ?" ಎಂದು ಎದೆ ತಟ್ಟಿಕೊಂಡೆ. ಪ್ರಾಯದಲ್ಲಿ ಮಿರಜದ ಸ್ಟೇಶನ್ನಿನಲ್ಲಿ ಒಂದು ಇಡೀ ದಿನ ಕಳೆದವನು ನಾನು.

ಒಂಬತ್ತು ತಿಂಗಳ ಹೆಣ್ಣುಕೂಸು ಎತ್ತಿಕೊಂಡು ಒಬ್ಬಾಕೆ ಮುಂದೆ ಕೂತಿದ್ದಳು. ದಡಾರ ಎಂದರೇನು, ಸೂಜಿ ಯಾಕೆ ಬೇಕು ಎಂದು ಅರ್ಧ ತಾಸು ಮರಾಠಿಯಲ್ಲಿ ಕೈಬಾಯಿ ಆಡಿಸಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿದಳು. ಕೊನೆಗೆ ನರ್ಸಬಾಯಿಯ ಕಡೆ ತಿರುಗಿ, "ಎಂಟ ವರ್ಷ ಆತ್ರಿ ನಾವು ಈ ಕಡೆ ಬರಾಕತ್ತಿ. ಈ ಅಜ್ಜಗ ಕನ್ನಡ ಬರೂದಿಲ್ಲೇನ್ರಿ?" ಅಂದಳು.

೩. ಕೋಡು

ಅದೇ ಕೂಸಿನದು ಮುಂದಿನ ಕಥೆ. ತಾಯಿ, "ಎಲ್ಲಾ ಆಗ್ಯಾವ್ರಿ" ಅಂದಳು. ಅಪ್ಪ, "ಒಂದು ಬಾಕಿ ಐತಿ" ಅಂದ. ಕಾರ್ಡು ಊರಿನ ಟ್ರಂಕಿನಲ್ಲಿ. ಬಾಜು ಗ್ಯಾಂಗಿನಲ್ಲಿ ಎರಡು ಕೂಸಿಗೆ ದಡಾರ ಎದ್ದಿತ್ತು. ಮರುದಿನ ಇವರು ಗಾಡಿ ಕಟ್ಟಿ ಮತ್ತೊಂದು ಕಡೆ ಹೊರಡುವವರು.

"ಇನ್ನೊಮ್ಮೆ ಹಾಕಿದ್ರೂ ಏನೂ ಆಗಾಂಗಿಲ್ಲವ್ವಾ," ಅಂದಳು ನರ್ಸಬಾಯಿ.

"ಸುಮ್ಮಸುಮ್ಮನ ಕೂಸಿಗೆ ಜ್ವರ ತರಸಾಕ ನಾ ಒಲ್ಲೆ. ಗುರುತು ತೋರಸ್ರಿ, ಹಾಕಸ್ತೀನಿ."

ಆಗ ಅಪ್ಪ ಬಾಯಿ ಬಿಟ್ಟ. ಅವನೂ ನನ್ನಂತೆ ಅಕ್ಷರ ಕಲಿಯದವ. ಕೂಸಿಗೆ ಒಂದೊಂದು ಸಲ ಲಸಿಕೆ ಹಾಕಿಸಿದಾಗಲೂ ಎತ್ತಿನ ಬಲಗೋಡಿಗೆ ಒಂದೊಂದು ಕೆಂಪು ಪಟ್ಟಿ ಬಳಿದಿದ್ದ. "ಕಾಗದ ತೊಯ್ತೈತಿ, ಹರೀತೈತಿ. ಕೋಡು ಎಲ್ಲಿ ಹೋದೀತ್ರಿ?"

ಕೋಡು ತಂಬೂರು ಎಂಬ ಹಳ್ಳಿಗೆ ಹೋಗಿತ್ತು. ಎತ್ತು ಕುಂಟುತ್ತದೆಂದು ಹಿಂದಿನ ವಾರ ಅಲ್ಲಿಯ ಒಬ್ಬ ಗೌಡರಿಗೆ ಕೊಟ್ಟು ಬದಲಿಗೆ ಬೇರೆ ಎತ್ತು ತಂದಿದ್ದ.

ಕಬ್ಬಿನ ಟ್ರ್ಯಾಕ್ಟರು ಹತ್ತಿದೆವು: ಅಪ್ಪ, ತಾಯಿ, ಕೂಸು, ನರ್ಸಬಾಯಿ, ನಾನು, ಡಬ್ಬಿ. ಹೋಗಿ ನೋಡಿದರೆ ಗೌಡರ ಅಂಗಳದಲ್ಲಿ ಕೋಡು ಹೆರೆಯುವವ ಕೂತಿದ್ದಾನೆ! ಎಡಗೋಡು ಹೆರೆದು ಥಳಥಳ ಮಾಡಿ, ಬಲಗೋಡಿಗೆ ಕತ್ತಿ ಇಟ್ಟಿದ್ದಾನೆ. ಟ್ರ್ಯಾಕ್ಟರು ನಿಲ್ಲುವ ಮೊದಲೇ ಜಿಗಿದೆ. ಈ ವಯಸ್ಸಿನಲ್ಲಿ, ಹನ್ನೆರಡು ಮೊಳ.

"ಲೇ, ಬಿಡೋ ಕೈ! ಆಸ್ಪತ್ರಿ ಕಾಗದ ಹೆರೀಬ್ಯಾಡ!"

ಗೌಡರು ನರ್ಸಬಾಯಿಯ ಕಿವಿಯಲ್ಲಿ, "ಈ ಮುದುಕಗೂ ಒಂದು ಸೂಜಿ ಹಾಕ್ರಿ" ಅಂದರು.

ಅಪ್ಪ ಬೆರಳಿಟ್ಟು ಎಣಿಸಿದ. ಹುಟ್ಟಿದಾಗ ಒಂದು, ಒಂದೂವರೆ ತಿಂಗಳಿಗೆ ಒಂದು, ಆಮೇಲೆ ಎರಡು. ನಾಲ್ಕೇ ಪಟ್ಟಿ. ಒಂಬತ್ತು ತಿಂಗಳದ್ದಿಲ್ಲ. ತಾಯಿ ಕೋಡು ಮುಟ್ಟಿ ನೋಡಿದಳು, ಉಗುರಿನಿಂದ ಕೆರೆದೂ ನೋಡಿದಳು. ಆಮೇಲೆ ಕೂಸಿನ ತೋಳು ಮುಂದೆ ಮಾಡಿದಳು. ದನದ ಕೊಟ್ಟಿಗೆಯ ಬಾಗಿಲಲ್ಲೇ ದಡಾರದ ಸೂಜಿ ಆಯಿತು. ಕೂಸು ಅಳಲಿಲ್ಲ, ಎತ್ತು ಒದರಿತು.

ಅಪ್ಪ ಬಣ್ಣದ ಡಬ್ಬಿ ತೆಗೆದ. ಗೌಡರು, "ಏ ತಮ್ಮಾ, ಎತ್ತು ಈಗ ನಂದು" ಅಂದರು.

"ಎತ್ತು ನಿಮ್ದರಿ. ಕೋಡು ನನ್ನ ಮಗಳದು."

ಗೌಡರು ನಕ್ಕು ಐದನೇ ಪಟ್ಟಿ ಬಳಿಯಲು ಬಿಟ್ಟರು. ಅಷ್ಟೇ ಅಲ್ಲ, ಹೆರೆದ ಎಡಗೋಡಿಗೆ ತಮ್ಮ ಮೊಮ್ಮಗನ ಲೆಕ್ಕವನ್ನು ಹಸಿರು ಬಣ್ಣದಲ್ಲಿ ಶುರು ಮಾಡಿಸಿದರು. ನರ್ಸಬಾಯಿ ಹೊಸ ಕಾರ್ಡು ಬರೆದುಕೊಟ್ಟು, "ಇದನ್ನ ಜೋಪಾನ ಇಟ್ಕೋರಿ" ಎಂದು ಮೂರು ಸಲ ಹೇಳಿದಳು.

ಮುಂದಿನ ವರ್ಷ ಅದೇ ಗ್ಯಾಂಗು ಬಂತು. ಕೂಸು ನಡೆಯುತ್ತಿತ್ತು, ನನ್ನ ಮೀಸೆ ಜಗ್ಗುತ್ತಿತ್ತು. ದಡಾರದ ಎರಡನೇ ಸೂಜಿಗೆ ವೇಳೆ ಆಗಿತ್ತು.

"ಕಾರ್ಡು?" ಕೇಳಿದಳು ನರ್ಸಬಾಯಿ.

"ಭಾಳ ಜೋಪಾನ ಐತ್ರಿ," ಅಂದ ಅಪ್ಪ. "ಊರಾಗ, ಟ್ರಂಕಿನ್ಯಾಗ."

ನರ್ಸಬಾಯಿ ತನ್ನ ರಿಜಿಸ್ಟರು ತೋರಿಸಿದಳು. ತಾಯಿ ಅದರ ಕಡೆ ನೋಡಲೂ ಇಲ್ಲ. "ಕೋಡು ತರಸ್ರಿ."

ತಂಬೂರಿಗೆ ಹೇಳಿ ಕಳಿಸಿ ಕಾಯುತ್ತ ಕೂತಿದ್ದೆವು. ಅಷ್ಟರಲ್ಲಿ ತಪಾಸಣೆಗೆಂದು ದೊಡ್ಡ ಡಾಕ್ಟರರ ಜೀಪು ಬಂತು. ಅವರು ಗುಡಿಸಲ ಮುಂದೆ ನಿಂತು ಗದರಿದರು: "ಲಸಿಕೆ ಐತಿ, ಕೂಸು ಐತಿ. ಇನ್ನೂ ಯಾಕ ಹಾಕಿಲ್ಲ?"

"ತಾಯಿ ದಾಖಲೆ ನೋಡಬೇಕಂತಾಳ್ರಿ ಸಾಹೇಬ್ರ," ಅಂದೆ.

"ಮತ್ತ ದಾಖಲೆ ಎಲ್ಲೈತಿ?"

ನರ್ಸಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಎದ್ದು ನಿಂತು ಕೈ ಮುಗಿದೆ.

"ತಂಬೂರಿಂದ ಹೊಂಟೈತ್ರಿ. ಸ್ವಲ್ಪ ಕುಂಟತೈತಿ, ದಾರ್ಯಾಗ ಮೇಯಕೋತ ಬರತೈತಿ."