ಪ್ರಶ್ನೆಗೆ ಆರು ನಾಣ್ಯ

ಮಿತವ್ಯಯದ ಪ್ರವಾಸಿ ದಂಪತಿಗೆ ಆ ಪರದೇಶದ ನಗರದಲ್ಲಿ ದಿನಕ್ಕೆ ನಲವತ್ತು ನಾಣ್ಯ ಖರ್ಚಾಗುತ್ತದೆ. ನಗರದ ಕೈಪಿಡಿಯ ಒಂಬತ್ತನೇ ಪುಟದಲ್ಲಿ ಹೀಗೆಂದು ಅಚ್ಚಾಗಿರುವುದರಿಂದ ಇದು ಸತ್ಯ.

ಊರಲ್ಲಿ ತಕ್ಕಡಿ ರಿಪೇರಿ ಮಾಡಿ ಬಾಳಿದ ತಕ್ಕಡಿಯವರು, ಕಣ್ಣಿರುವಾಗಲೇ ಪರದೇಶ ನೋಡಿಬಿಡೋಣವೆಂದು ಹೆಂಡತಿಯೊಡನೆ ಅಲ್ಲಿಗೆ ಹೋಗಿ ಏಳು ದಿನ ಇದ್ದರು. ನಲ್ಲಿ ನೀರು ಕುಡಿದರು. ಟ್ರಾಮ್ ಹತ್ತದೆ ನಡೆದರು. ಅವರ ಯಜಮಾನಿ ಬಟ್ಟೆಯನ್ನು ಕೋಣೆಯಲ್ಲೇ ಒಗೆದು ಕಿಟಕಿಯ ಸರಳಿಗೆ ಹರವಿದರು. ಹಾಗಾಗಿ ದೇವರ ದಯೆಯಿಂದ ಖರ್ಚು ಹಿಡಿತದಲ್ಲಿತ್ತು.

ಹೊರಡುವ ದಿನ ಬೆಳಿಗ್ಗೆ ಅಳಿಯನ ಫೋನ್ ಬಂತು. ಮಗಳಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಳ್ಳುವ ಹಾಗಿದೆಯಂತೆ. ಮೂರು ಗಂಟೆಯ ರೈಲು ತಪ್ಪಿದರೆ ಮುಂದಿನದು ನಾಲ್ಕು ದಿನಕ್ಕೆ. ರೈಲು ಹತ್ತಲು 'ದೈನಂದಿನ ವೆಚ್ಚ ಸರಾಸರಿ ಕಚೇರಿ'ಯ ನಿರ್ಗಮನ ಚೀಟಿ ಬೇಕು. ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡೇ ಅಲ್ಲಿಗೆ ಹೋದರು.

ಗುಮಾಸ್ತರು ರಶೀದಿಗಳನ್ನು ಕೂಡಿಸಿ ಕನ್ನಡಕ ಏರಿಸಿದರು. "ಯಜಮಾನ್ರೇ, ಇನ್ನೂರ ಎಂಬತ್ತು ಖರ್ಚಾಗಬೇಕಿತ್ತು. ಇನ್ನೂರ ಐವತ್ತಾರೇ ಆಗಿದೆ. ನೀವು ನಮ್ಮ ಕೈಪಿಡಿಯನ್ನ ಸುಳ್ಳು ಮಾಡಿದ್ದೀರಿ."

"ಹಾಸಿಗೆ ಇದ್ದಷ್ಟು ಕಾಲು ಚಾಚಿದ್ವಿ ಸ್ವಾಮಿ."

"ಹಾಸಿಗೆ ನಮ್ಮದು. ಕಾಲಿನ ಉದ್ದವನ್ನೂ ನಾವೇ ನಿಗದಿ ಮಾಡ್ತೀವಿ."

ತಕ್ಕಡಿಯವರು ಸೊಂಟದ ಚೀಲ ಬಿಚ್ಚಿದರು. "ಉಳಿದ ಇಪ್ಪತ್ನಾಲ್ಕು ಇಲ್ಲೇ ಇದೆ, ತಗೊಳ್ಳಿ."

"ಸುಮ್ಮನೆ ತಗೊಂಡರೆ ಅದು ಲಂಚ. ಖರ್ಚೇ ಆಗಬೇಕು. ಒಂದು ನಾಣ್ಯ ಹೆಚ್ಚಾದರೂ ನೀವು ಭೋಗಿ ಪ್ರವಾಸಿ ಆಗ್ತೀರಿ. ಅವರಿಗೆ ದಿನಕ್ಕೆ ಮುನ್ನೂರು."

"ಅಂಗಡಿಗಳೆಲ್ಲಿವೆ?"

"ಇವತ್ತು ವಾರದ ರಜೆ."

ತಕ್ಕಡಿಯವರು ಪೆಟ್ಟಿಗೆಯ ಮೇಲೆ ಕುಳಿತರು. ಯಜಮಾನಿ ಮಾತ್ರ ಗೋಡೆಯ ಫಲಕಗಳನ್ನು ಓದುತ್ತಿದ್ದರು.

"ರೀ, ಇಲ್ಲಿ ನೋಡಿ."

ಫಲಕದಲ್ಲಿ ಹೀಗಿತ್ತು: 'ವಿಚಾರಣೆ. ಪ್ರಶ್ನೆಯೊಂದಕ್ಕೆ ಆರು ನಾಣ್ಯ. ಉತ್ತರವನ್ನು ಮೊಹರಿನೊಂದಿಗೆ ನೀಡಲಾಗುವುದು. ಈವರೆಗೆ ಕೇಳಿದ ಪ್ರಶ್ನೆಗಳಿಗೆ ವಿನಾಯಿತಿ ನೀಡಲಾಗಿದೆ.'

ತಕ್ಕಡಿಯವರ ಬಾಯಲ್ಲಿ ಲೆಕ್ಕ ತಾನಾಗಿ ಬಂತು. "ನಾಲ್ಕು ಪ್ರಶ್ನೆ. ತಕ್ಕಡಿಯ ಮುಳ್ಳು ನಡುವೆ ನಿಲ್ಲುತ್ತೆ."

ಗುಮಾಸ್ತರು ಎದ್ದು ಹೋಗಿ, ಪಕ್ಕದ ಕಿಟಕಿಯಲ್ಲಿ ಕುಳಿತು, ಹೊಸಬರಂತೆ ನಮಸ್ಕರಿಸಿದರು.

"ಗಂಟೆ ಎಷ್ಟು?" ಎಂದರು ತಕ್ಕಡಿಯವರು.

"ಎರಡು." ಮೊಹರು ಬಿತ್ತು.

"ನಿಮ್ಮ ಗಡಿಯಾರ ಸರಿಯಾಗಿದೆಯಾ?" ಎಂದರು ಯಜಮಾನಿ.

"ಇಪ್ಪತ್ತು ನಿಮಿಷ ಹಿಂದಿದೆ." ಮೊಹರು ಬಿತ್ತು.

ತಕ್ಕಡಿಯವರು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕೇಳಿದರು. "ನಿಮಗೆ ಮಕ್ಕಳೆಷ್ಟು?"

"ಮೂವರು. ದೊಡ್ಡವನಿಗೆ ಲೆಕ್ಕ ತಲೆಗೆ ಹತ್ತೋದಿಲ್ಲ. ಇದೇ ಕಚೇರಿಗೆ ಸೇರಿಸಬೇಕು ಅಂತಿದ್ದೀನಿ." ಮೊಹರು ಬಿತ್ತು.

ಉಳಿದದ್ದು ಒಂದು. ತಕ್ಕಡಿಯವರು ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿನ ತುದಿ ತಿರುಚುತ್ತಾ ಮೆಲ್ಲಗೆ ಕೇಳಿದರು: "ನಮ್ಮ ಮಗಳಿಗೆ ಹೆರಿಗೆ ಸುಸೂತ್ರವಾಗಿ ಆಗುತ್ತಾ, ಅಣ್ಣಾ?"

ಗುಮಾಸ್ತರು ನಿಯಮಾವಳಿ ತೆರೆದರು. ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿ ಮುಚ್ಚಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ದುಂಡಗಿನ ಅಕ್ಷರದಲ್ಲಿ 'ಆಗುತ್ತದೆ' ಎಂದು ಬರೆದು ಎರಡು ಮೊಹರು ಒತ್ತಿದರು. ಎರಡನೆಯದಕ್ಕೆ ಶುಲ್ಕ ಹಿಡಿಯಲಿಲ್ಲ. ಲೆಕ್ಕ ಸರಿಹೋದದ್ದರಿಂದ ನಿರ್ಗಮನ ಚೀಟಿಯನ್ನೂ ಕೈಗಿತ್ತರು.

"ಹಾಗಾದ್ರೆ ನಾವಿನ್ನು..." ಎಂದು ತಕ್ಕಡಿಯವರು ಬಾಯಿ ತೆರೆಯುವಷ್ಟರಲ್ಲಿ ಯಜಮಾನಿ ಅವರ ಬಾಯಿಗೆ ಕೈ ಅಡ್ಡ ಹಿಡಿದು ಬಾಗಿಲವರೆಗೂ ಎಳೆದೊಯ್ದರು.

ರೈಲು ಸಿಕ್ಕಿತು. ಇವರು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಮೊಮ್ಮಗಳು ಹುಟ್ಟಿ ಅರ್ಧ ಗಂಟೆಯಾಗಿತ್ತು. ತಾಯಿ, ಮಗು ಕ್ಷೇಮ. ಎರಡು ಮೊಹರಿನ ಆ ಕಾಗದ ಈಗ ಅವರ ಬೀರುವಿನಲ್ಲಿ, ಮನೆಯ ಪತ್ರಗಳ ಜೊತೆಗಿದೆ.

ಕೈಪಿಡಿಯ ಹೊಸ ಮುದ್ರಣದಲ್ಲಿ ದಿನದ ಖರ್ಚು ನಲವತ್ತನಾಲ್ಕು ನಾಣ್ಯ: ವಸತಿ, ಊಟ, ಟ್ರಾಮ್, ಪ್ರಶ್ನೆ. ಆ ನಗರಕ್ಕೆ ಹೊರಟಿದ್ದ ಪಕ್ಕದ ಮನೆಯ ದರ್ಜಿ ಅದನ್ನು ಹಿಡಿದುಕೊಂಡು ಬಂದ. "ಏನಣ್ಣಾ ಇದು, ಕೇಳೋದಕ್ಕೂ ದುಡ್ಡಾ? ಹಗಲು ದರೋಡೆ!"

"ಹಾಗನ್ನಬೇಡಪ್ಪ," ಎಂದರು ತಕ್ಕಡಿಯವರು, ಮೊಮ್ಮಗಳ ತೊಟ್ಟಿಲು ತೂಗುತ್ತಾ. "ನಮ್ಮೂರ ಕಚೇರೀಲಿ ಹನ್ನೊಂದು ವರ್ಷದಿಂದ ಪುಕ್ಕಟೆ ಕೇಳ್ತಿದ್ದೀನಿ. ಒಂದಕ್ಕೂ ಉತ್ತರ ಬಂದಿಲ್ಲ. ಅಲ್ಲಿ ನಾಲ್ಕು ಕೇಳಿದೆವು. ನಾಲ್ಕಕ್ಕೂ ಬಂತು."

ದರ್ಜಿ ಕಿವಿಯ ಮೇಲಿಟ್ಟಿದ್ದ ಪೆನ್ಸಿಲು ತೆಗೆದು, ಕೈಪಿಡಿಯ ಹಿಂಬದಿಯಲ್ಲಿ ತನ್ನ ಪ್ರಶ್ನೆಗಳನ್ನು ಬರೆದುಕೊಳ್ಳತೊಡಗಿದ. ಜಾಗ ಸಾಲಲಿಲ್ಲ.